ದೊರೆಸಾನಿಯ ಕಾರ್ಡು

ಮಡಿಕೇರಿಯ ಮಹದೇವಪೇಟೆಯಲ್ಲಿ ನಮ್ಮದೊಂದು ಪುಟ್ಟ ಪ್ರೆಸ್ ಇದೆ. ಅಪ್ಪ ಪಿರಿಯಾಪಟ್ಟಣದ ಕಡೆಯಿಂದ ಬಂದು ಒಂದು ಟ್ರೆಡಲ್ ಮೆಷಿನ್ ಹಾಕಿಕೊಂಡು ಶುರು ಮಾಡಿದ್ದು. ಆ ಮೆಷಿನ್ ಈಗ ಮೂಲೆಯಲ್ಲಿ ಕೂತಿದೆ. ಮಳೆಗಾಲದಲ್ಲಿ ಅದರ ಮೇಲೆ ಛತ್ರಿ ಒಣಗಿಸುತ್ತೇನೆ. ಕೆಲಸ ಎಲ್ಲ ಕಂಪ್ಯೂಟರಿನಲ್ಲಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಮೂವತ್ತು ವರ್ಷದಿಂದ ಇದೇ. ಹಾಗಾಗಿ ಹೆಂಗಸರ ಹೆಸರಿನ ಹಿಂದೆ ಮುಂದೆ ಏನು ಹಾಕಬೇಕು ಅನ್ನೋ ಜಗಳಕ್ಕೆ ನಾನು ಖಾಯಂ ಸಾಕ್ಷಿ.

ಗಂಡಸರ ಹೆಸರಿಗೆ ಈ ತಕರಾರು ಇಲ್ಲ. ಶ್ರೀ ಹಾಕಿದರೆ ಮುಗೀತು. ಕೊಡಗಿನಲ್ಲಿ ಅದರ ಜೊತೆ ಕರ್ನಲ್, ಮೇಜರ್, ಬ್ರಿಗೇಡಿಯರ್ ಇರುತ್ತದೆ, ಮುಂದೆ ಆವರಣದಲ್ಲಿ 'ನಿವೃತ್ತ'. ಸರಕಾರ ಯಾರಿಗೂ ಬಿರುದು ಕೊಡಬಾರದು ಅಂತ ಸಂವಿಧಾನದ 18ನೇ ವಿಧಿ ಹೇಳುತ್ತದೆ, ಆದರೆ ಸೈನ್ಯದ ಮತ್ತು ವಿದ್ಯೆಯ ಗೌರವಕ್ಕೆ ಅಡ್ಡಿಯಿಲ್ಲ ಅನ್ನುತ್ತದೆ. ಆ ವಿನಾಯಿತಿಯನ್ನು ನಮ್ಮ ಜಿಲ್ಲೆಯಷ್ಟು ಚೆನ್ನಾಗಿ ಬಳಸಿಕೊಂಡವರು ಬೇರೆ ಎಲ್ಲೂ ಇರಲಿಕ್ಕಿಲ್ಲ.

ಹೆಂಗಸರದ್ದು ಹಾಗಲ್ಲ. ಮೊದಲು ಮದುವೆ ಆಗಿದೆಯಾ ಕೇಳಬೇಕು. ಆಮೇಲೆ ಗಂಡ ಇದ್ದಾರಾ ಅಂತ, ಬಾಯಿ ಬಿಟ್ಟು ಕೇಳದೆ, ತಿಳಿದುಕೊಳ್ಳಬೇಕು.

ಈ ಸಲ ನನ್ನ ತಲೆ ತಿಂದದ್ದು ಒಂದು ತೊಂಬತ್ತರ ಹುಟ್ಟುಹಬ್ಬದ ಕಾರ್ಡು. ನಾಪೋಕ್ಲು ಕಡೆಯ ಒಂದು ಕಾಫಿ ತೋಟದ ಮನೆ. ಮಗ ನಿವೃತ್ತ ಕರ್ನಲ್. ಒಂದು ಹಾಳೆಯಲ್ಲಿ ಬರೆದು ತಂದಿದ್ದರು: 'ನಮ್ಮ ಪೂಜ್ಯ ಮಾತೃಶ್ರೀಯವರಾದ ಶ್ರೀಮತಿ' ಅಂತ ಶುರುವಾಗಿ, ಹೆಸರು ಬರುವ ಹೊತ್ತಿಗೆ ಒಂದು ಸಾಲು ಮುಗಿದಿತ್ತು. ಪ್ರೂಫ್ ತೆಗೆದು ಕಳಿಸಿದೆ. ಮರುದಿನ ಬೆಂಗಳೂರಿನಿಂದ ಮಗಳ ಫೋನು. "ಮಾತೃಶ್ರೀ ತೆಗೀರಿ, ತಿಥಿ ಕಾರ್ಡಿನ ಹಾಗೆ ಕಾಣ್ತದೆ." ತೆಗೆದೆ. ಸಂಜೆ ಯಾರೋ ಚಿಕ್ಕಮ್ಮನ ಫೋನು. "ಅಣ್ಣ ತೀರಿಹೋಗಿ ಇಪ್ಪತ್ತು ವರ್ಷ ಆಯ್ತು, ಶ್ರೀಮತಿ ಹಾಕಬಹುದಾ?" ಹಾಕಬಹುದು ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಹೊರದೇಶದಲ್ಲಿರುವ ಮೊಮ್ಮಗನಿಂದ ವಾಟ್ಸಾಪ್. ಅವನಿಗೆ 'ಮೇಟ್ರಿಯಾರ್ಕ್' ಅನ್ನೋದಕ್ಕೆ ಕನ್ನಡ ಬೇಕಂತೆ. ದೊಡ್ಡದಾಗಿ, ಬಂಗಾರದ ಅಕ್ಷರದಲ್ಲಿ. 'ಕುಲಮಾತೆ' ಅಂತ ಬರೆದು ಕಳಿಸಿ, ನನಗೇ ನಗು ಬಂದು ಅಳಿಸಿದೆ. ದೇವಸ್ಥಾನದ ರಶೀದಿ ಪುಸ್ತಕದ ಹಾಗೆ ಕಾಣುತ್ತಿತ್ತು.

ಹೀಗೆ ನಾಲ್ಕು ಪ್ರೂಫ್ ಆದವು. ಆ ನಾಲ್ಕು ದಿನ ನಾನು ಬೇರೆ ಕೆಲಸ ಮಾಡುತ್ತಾ ಇದನ್ನೇ ಯೋಚಿಸಿದೆ.

ಮೊದಲು ಈ ಶ್ರೀಮತಿಯನ್ನೇ ನೋಡಿ. ಶ್ರೀ ಇರುವವನು ಶ್ರೀಮಂತ, ಶ್ರೀ ಇರುವವಳು ಶ್ರೀಮತಿ. ಎರಡೂ ಒಂದೇ ಬೇರಿನ ಮಾತು. ಆದರೆ ಇವತ್ತು "ಅವರು ಶ್ರೀಮಂತರು" ಅಂದರೆ ತೋಟ, ಕಾರು, ಬ್ಯಾಂಕಿನ ದುಡ್ಡು ಕಣ್ಣಿಗೆ ಬರುತ್ತದೆ. "ಇವರು ಶ್ರೀಮತಿ" ಅಂದರೆ ಮದುವೆ ಆಗಿದೆ ಅಂತ ಅರ್ಥ, ಅಷ್ಟೇ. "ನನ್ನ ಶ್ರೀಮತಿ" ಅಂದರೆ ಹೆಂಡತಿ. ಇಬ್ಬರೂ ಒಂದೇ ಮನೆಯಿಂದ ಹೊರಟು ದಾರಿಯಲ್ಲಿ ಅವನು ಶ್ರೀಯನ್ನು ಜೇಬಿಗೆ ಹಾಕಿಕೊಂಡ, ಅವಳ ಕೈಯಲ್ಲಿ ಅವನ ಹೆಸರು ಉಳಿಯಿತು.

ಅಪ್ಪನ ಕಾಲದಲ್ಲಿ ಅಚ್ಚಿನ ಮೊಳೆ ಜೋಡಿಸುವಾಗ ಮದುವೆ ಸೀಸನ್ನಿನಲ್ಲಿ ಮೊದಲು ಖಾಲಿಯಾಗುತ್ತಿದ್ದದ್ದು 'ಶ್ರೀ' ಮೊಳೆ. ಒಂದು ಕಾರ್ಡಿಗೆ ಇಪ್ಪತ್ತು, ಇಪ್ಪತ್ತೈದು ಶ್ರೀ ಬೇಕು. ಎರಡು ಕಾರ್ಡು ಒಟ್ಟಿಗೆ ಕೂತರೆ ಮುಗೀತು. ಆಗ ಅಪ್ಪ ಕಾರ್ಡಿನ ಕೊನೆಯಲ್ಲಿ 'ಆಗಮನಾಭಿಲಾಷಿಗಳು' ಅಂತ ಬರುವ ಪಟ್ಟಿಯಿಂದ ಶ್ರೀ ಕಿತ್ತು ಮೇಲಿನ ಸಾಲಿಗೆ ಹಾಕುತ್ತಿದ್ದರು. ಮೊದಲು ಕಿತ್ತದ್ದು ಯಾರ ಶ್ರೀ ಅಂತೀರಾ? ಚಿಕ್ಕಮ್ಮ, ಅತ್ತೆ, ಅತ್ತಿಗೆಯರದ್ದು. 'ಶ್ರೀ ಇಂತಿಂಥವರು ಮತ್ತು ಕುಟುಂಬ' ಅಂತ ಹಾಕಿಬಿಟ್ಟರೆ ಶ್ರೀಮತಿಯ ಮೊಳೆಯೂ ಉಳಿಯಿತು, ಹೆಸರಿನ ಮೊಳೆಯೂ ಉಳಿಯಿತು. ಆಗ ಇದು ಬರೀ ಸೀಸದ ಲೆಕ್ಕ ಅಂದುಕೊಂಡಿದ್ದೆ.

ದೊಡ್ಡ ಮನೆಯ ಹೆಂಗಸರಿಗೆ ನಮ್ಮಲ್ಲಿ ಎಷ್ಟು ಮಾತುಗಳಿವೆ ನೋಡಿ. ಅರಸ, ಅರಸಿ. ರಾಜ, ರಾಣಿ. ಒಡೆಯ, ಒಡತಿ. ಗೌಡ, ಗೌಡತಿ. ದೊರೆ, ದೊರೆಸಾನಿ. ಸಾನಿ ಅಂದರೆ ಸ್ವಾಮಿನಿ, ಸವೆದು ಸವೆದು ಸಾನಿ ಆಗಿದೆ. ಸ್ವಾಮಿ ಸವೆಯಲಿಲ್ಲ. ಅವನು ಇನ್ನೂ ಗುಡಿಯಲ್ಲೂ ಇದ್ದಾನೆ, "ಏನ್ ಸ್ವಾಮಿ" ಅಂತ ಬಸ್ಸಿನಲ್ಲೂ ಇದ್ದಾನೆ. ಸಾನಿ ಮಾತ್ರ ಕೆಳಗೆ ಜಾರಿದಳು. ನಾಯಕಸಾನಿ ಅನ್ನೋ ಮಾತಿಗೆ ಹಳೇ ನಿಘಂಟು ತೆಗೆದು ನೋಡಿ, ಕುಣಿಯುವವಳು, ಸೂಳೆ ಅಂತ ಇರುತ್ತದೆ. ನಾಯಕ ಮಾತ್ರ ಸಿನಿಮಾಕ್ಕೂ ರಾಜಕೀಯಕ್ಕೂ ನಾಯಕನಾಗಿಯೇ ಉಳಿದ.

ಸಂಸ್ಕೃತದ ಕಡೆಯಿಂದ ಬಂದ ಪಟ್ಟಮಹಿಷಿ ಇನ್ನೂ ಮಜಾ. ರಾಣಿಯರಲ್ಲೇ ಹಿರಿಯವಳು, ಪಟ್ಟ ಕಟ್ಟಿಸಿಕೊಂಡವಳು. ಮಹಿಷಿ ಅಂದರೆ ಎಮ್ಮೆ ಕೂಡ ಹೌದು. ಇದನ್ನು ನಮ್ಮ ಪಕ್ಕದ ಅಂಗಡಿಯವರಿಗೆ ಹೇಳಿದ್ದೇ ತಪ್ಪಾಯಿತು, ಆವತ್ತಿನಿಂದ ಹೆಂಡತಿಯನ್ನು ಪಟ್ಟಮಹಿಷಿ ಅಂತಲೇ ಕರೆಯುತ್ತಿದ್ದಾರೆ. ಆಕೆಗೆ ಅರ್ಥ ಗೊತ್ತಿಲ್ಲ. ಖುಷಿಯಾಗಿದ್ದಾರೆ.

ಇಂಗ್ಲಿಷಿನವರೂ ಏನು ಕಮ್ಮಿ ಇಲ್ಲ. ಲೇಡಿ ಅಂದರೆ ಹಳೇ ಇಂಗ್ಲಿಷಿನಲ್ಲಿ ರೊಟ್ಟಿಯ ಹಿಟ್ಟು ನಾದುವವಳು. ಲಾರ್ಡ್ ಅಂದರೆ ಆ ರೊಟ್ಟಿ ಕಾಯುವವನು. ಆ ಲೆಕ್ಕಕ್ಕೆ ಕೊಡಗಿನಲ್ಲಿ ಬೆಳಿಗ್ಗೆ ಎದ್ದು ಅಕ್ಕಿರೊಟ್ಟಿ ತಟ್ಟುವ ಎಲ್ಲರೂ ಲೇಡಿಗಳೇ. ಕ್ವೀನ್ ಅಂದರೆ ಮೊದಲು ಸುಮ್ನೆ ಹೆಂಗಸು, ಹೆಂಡತಿ ಅಂತ ಇದ್ದ ಮಾತು. ಮಿಸ್ ಮತ್ತು ಮಿಸೆಸ್ ಎರಡೂ ಮಿಸ್ಟ್ರೆಸ್‌ನಿಂದ ಬಂದವು, ಅಂದರೆ ಯಜಮಾನಿ. ಈಗ ಮಿಸ್ಟ್ರೆಸ್ ಅಂತ ಯಾರನ್ನಾದರೂ ಕರೆದು ನೋಡಿ, ಕಪಾಳಕ್ಕೆ ಬೀಳುತ್ತದೆ.

ನಮ್ಮ ಬೀದಿಯ ಹೆಸರಿಗೆ ಬರುತ್ತೇನೆ. ಮಹದೇವಪೇಟೆ ಅಂದರೆ ಶಿವನ ಹೆಸರು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಅದು ಮಹದೇವಮ್ಮಾಜಿಯ ಪೇಟೆ. ಕೊಡಗಿನ ರಾಜ ದೊಡ್ಡವೀರರಾಜೇಂದ್ರನ ರಾಣಿ. 1796ರಲ್ಲಿ ನಾಲ್ಕುನಾಡು ಅರಮನೆಯಲ್ಲಿ ಮದುವೆ. ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಆ ಅರಮನೆ ಇನ್ನೂ ಇದೆ. ಎದುರಿಗೆ ಒಂದು ಪುಟ್ಟ ಮಂಟಪ, ಆ ಮದುವೆಗೆ ಕಟ್ಟಿಸಿದ್ದು ಅಂತಾರೆ. ನಾಲ್ಕು ಜನ ಕೂತರೆ ತುಂಬಿಹೋಗುವಷ್ಟು ಚಿಕ್ಕದು. ಸ್ಕೂಲ್ ಟೂರಿನಲ್ಲಿ ಹೋದಾಗ ನಾನು ಅದರ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿಂದಿದ್ದೆ.

ರಾಜ ತನ್ನ ಹೆಸರಿಗೆ ಒಂದು ಊರನ್ನೇ ಕಟ್ಟಿದ, ವಿರಾಜಪೇಟೆ. ರಾಣಿಗೆ ಒಂದು ಬೀದಿ ಸಿಕ್ಕಿತು. ಇರಲಿ, ಆ ಬೀದಿಯಲ್ಲಿ ನನ್ನ ಅಂಗಡಿ ಇದೆ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ದಸರೆಯಲ್ಲಿ ಹತ್ತು ದೇವಸ್ಥಾನಗಳ ಮೆರವಣಿಗೆ ಮಂಟಪಗಳೂ ರಾತ್ರಿಯೆಲ್ಲ ಈ ದಾರಿಯಲ್ಲೇ ಬನ್ನಿಮಂಟಪದ ಕಡೆಗೆ ಹೋಗುತ್ತವೆ. ಊರಿನಲ್ಲಿ ರಾಣಿಪೇಟೆ ಅಂತ ಇನ್ನೊಂದೂ ಇದೆ. ಅಲ್ಲಿ ಹೆಸರೂ ಇಲ್ಲ, ಬರೀ ರಾಣಿ.

ಕೊಡಗನ್ನಾಳಿದ ಈ ಹಾಲೇರಿ ವಂಶದ ಹೆಂಗಸರಿಗೆಲ್ಲ ಹೀಗೆ ಹೆಸರಿನ ಕೊನೆಗೆ ಅಮ್ಮಾಜಿ. ಅಮ್ಮನಿಗೆ ಒಂದು ಜಿ. ಮಹದೇವಮ್ಮಾಜಿ 1807ರಲ್ಲಿ ತೀರಿಕೊಂಡಳು. ಗಂಡುಮಗು ಇರಲಿಲ್ಲ. ಎರಡು ವರ್ಷಕ್ಕೆ ರಾಜನೂ ಹೋದ. ಅವನ ಇಷ್ಟದಂತೆ ದೊಡ್ಡ ಮಗಳು ದೇವಮ್ಮಾಜಿಗೆ 1809ರಲ್ಲಿ ಪಟ್ಟವಾಯಿತು. ಅಪ್ಪ ಅಮ್ಮನ ಮದುವೆ 1796ರಲ್ಲಿ, ಅಂದರೆ ಆ ಹುಡುಗಿಗೆ ಹೆಚ್ಚೆಂದರೆ ಹನ್ನೆರಡು ವರ್ಷ. ಆ ವಯಸ್ಸಿಗೇ ಅಮ್ಮಾಜಿ. ಕೊಡಗಿನ ಸಿಂಹಾಸನದಲ್ಲಿ ತನ್ನ ಸ್ವಂತ ಹಕ್ಕಿನಿಂದ ಕೂತ ಹೆಂಗಸು ಅವಳು. 1811ರಲ್ಲಿ ಚಿಕ್ಕಪ್ಪ ಲಿಂಗರಾಜೇಂದ್ರ ಅವಳನ್ನು ಸರಿಸಿ ತಾನೇ ಕೂತ. ಎರಡು ವರ್ಷದ ರಾಣಿಗಿರಿ.

ಇನ್ನೊಂದು ಗೊಂದಲ ಕೇಳಿ. ಲಿಂಗರಾಜೇಂದ್ರನ ಹೆಂಡತಿಯ ಹೆಸರೂ ದೇವಮ್ಮಾಜಿ. ಅವನ ಮಗಳು, ಅಂದರೆ ಚಿಕ್ಕವೀರರಾಜೇಂದ್ರನ ತಂಗಿ, ಅವಳೂ ದೇವಮ್ಮಾಜಿ. 1832ರಲ್ಲಿ ಅಣ್ಣನಿಗೆ ಹೆದರಿ ಗಂಡನ ಜೊತೆ ರಾತ್ರೋರಾತ್ರಿ ಮೈಸೂರಿನ ಕಡೆಗೆ ಓಡಿಹೋದವಳು ಈ ಮೂರನೆಯವಳು. ಒಂದೇ ಮನೆಯಲ್ಲಿ ಮೂರು ದೇವಮ್ಮಾಜಿ. ರಾಜರನ್ನು ಬೇರೆ ಮಾಡಿ ಹೇಳಲಿಕ್ಕೆ ದೊಡ್ಡ, ಚಿಕ್ಕ ಅಂತ ಸೇರಿಸಿದ್ದಾರೆ. ರಾಣಿಯರಿಗೆ ಅದೂ ಇಲ್ಲ. ಯಾರ ಹೆಂಡತಿ, ಯಾರ ಮಗಳು, ಯಾರ ತಂಗಿ ಅಂತಲೇ ಹೇಳಬೇಕು.

ಗದ್ದಿಗೆಗೆ, ಅಂದರೆ ಈ ರಾಜರ ಸಮಾಧಿಗೆ, ಹೋಗಿದ್ದೀರಾ? ಗುಮ್ಮಟದ ಕಟ್ಟಡ, ಮೂಲೆಯಲ್ಲಿ ನಂದಿ. ಮಧ್ಯದ ದೊಡ್ಡದರಲ್ಲಿ ದೊಡ್ಡವೀರರಾಜೇಂದ್ರ ಮತ್ತು ಮಹದೇವಮ್ಮಾಜಿ ಒಟ್ಟಿಗೆ ಇದ್ದಾರೆ. ಅವತ್ತು ಕಾರ್ಡಿನ ನಾಲ್ಕನೇ ಪ್ರೂಫ್ ಕಳಿಸಿ ಬೇಸರವಾಗಿ ಸಂಜೆ ಅಲ್ಲಿಗೇ ನಡೆದುಕೊಂಡು ಹೋಗಿದ್ದೆ. ಹುಲ್ಲಿನ ಮೇಲೆ ಕಾಲೇಜು ಹುಡುಗರು ಫೋಟೋ ತೆಗೆಯುತ್ತಿದ್ದರು. ಒಬ್ಬ ಹುಡುಗಿ ಗೆಳತಿಗೆ "ಕ್ವೀನ್ ತರ ನಿಲ್ಲೇ" ಅಂದಳು. ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. ಒಳಗಿರುವವಳು ಹೀಗೆ ನಿಂತಿದ್ದಳೋ ಇಲ್ಲವೋ.

ಕೊಡಗಿನ ರಾಜಕುಮಾರಿ ಗೌರಮ್ಮನ ಕಥೆ ಎಲ್ಲರಿಗೂ ಗೊತ್ತು. 1834ರಲ್ಲಿ ಕೊಡಗು ಕಂಪನಿಯ ಕೈಗೆ ಹೋಯಿತು. ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಮೊದಲು ವೆಲ್ಲೂರಿಗೆ, ಆಮೇಲೆ ಕಾಶಿಗೆ ಕಳಿಸಿದರು. 1841ರಲ್ಲಿ ಅವನ ಮಗಳು ಗೌರಮ್ಮ ಕಾಶಿಯಲ್ಲಿ ಹುಟ್ಟಿದಳು. 1852ರಲ್ಲಿ ಅಪ್ಪ ಅವಳನ್ನು ಲಂಡನ್ನಿಗೆ ಕರೆದುಕೊಂಡು ಹೋದ. ಅಲ್ಲಿ ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರು ಕೊಟ್ಟಳು. ಪ್ರಿನ್ಸೆಸ್ ವಿಕ್ಟೋರಿಯಾ ಗೌರಮ್ಮ. ಕರ್ನಲ್ ಕ್ಯಾಂಬೆಲ್ ಅನ್ನೋರನ್ನು ಮದುವೆಯಾಗಿ 1864ರಲ್ಲಿ, ಇನ್ನೂ ಇಪ್ಪತ್ತಮೂರು ತುಂಬುವ ಮೊದಲೇ, ತೀರಿಕೊಂಡಳು. ರಾಜ್ಯ ಹೋಗಿ ಏಳು ವರ್ಷದ ಮೇಲೆ ಹುಟ್ಟಿದವಳು. ಹುಟ್ಟಿದ್ದು ಕಾಶಿಯಲ್ಲಿ, ಸತ್ತದ್ದು ಇಂಗ್ಲೆಂಡಿನಲ್ಲಿ. ಆದರೂ ಕೊಡಗಿನ ರಾಜಕುಮಾರಿ. ಕೊಡಗು ಅವಳಿಗೆ ಬಿರುದಿನಲ್ಲಿ ಮಾತ್ರ ಸಿಕ್ಕಿತು.

ನಮಗೆ ಇನ್ನೊಬ್ಬ ಗೌರಮ್ಮ ಇದ್ದಾರೆ. 1912ರಲ್ಲಿ ಮಡಿಕೇರಿಯಲ್ಲೇ ಹುಟ್ಟಿದವರು, ಸುಂಟಿಕೊಪ್ಪದ ಕಾಫಿ ತೋಟದಲ್ಲಿ ಬದುಕಿದವರು. ಗಂಡ ಅಲ್ಲಿ ಮ್ಯಾನೇಜರ್. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಲೇಬೇಕು ಅಂತ ಉಪವಾಸ ಕೂತು, ಕರೆಸಿ, ಮೈಮೇಲಿನ ಒಡವೆ ಬಿಚ್ಚಿ ಕೊಟ್ಟವರು. ಕಥೆ ಬರೆಯುತ್ತಿದ್ದರು. ಕಥೆಯ ಕೆಳಗೆ ಸಹಿ 'ಮಿಸೆಸ್ ಬಿ.ಟಿ.ಜಿ. ಕೃಷ್ಣ'. ಗಂಡನ ಹೆಸರು. 1939ರಲ್ಲಿ ನೀರಿನಲ್ಲಿ ಮುಳುಗಿ ಹೋದರು, ಇಪ್ಪತ್ತೇಳು ವರ್ಷ. ಇವತ್ತು ಆ ಮಿಸೆಸ್ ಯಾರಿಗೂ ನೆನಪಿಲ್ಲ. ಓದುಗರು ಅವರನ್ನು ಕರೆಯುವುದು 'ಕೊಡಗಿನ ಗೌರಮ್ಮ' ಅಂತ. ರಾಜನ ಮಗಳಿಗೆ ಲಂಡನ್ನಿನವರು ಕೊಟ್ಟ ಊರನ್ನೇ ತೋಟದ ಮ್ಯಾನೇಜರನ ಹೆಂಡತಿಗೆ ಕನ್ನಡದವರು ಕೊಟ್ಟರು. ಇವರು ಮಾತ್ರ ಇಲ್ಲಿನ ಮಳೆಯಲ್ಲಿ ನೆಂದವರು.

ಮೈಸೂರಿನ ಕಡೆ ಅಮ್ಮಾಜಿ ಇಲ್ಲ, ಅಮ್ಮಣ್ಣಿ. ನನ್ನ ಮಗಳು ಹುಟ್ಟಿದ್ದು ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ. ಚೆಲುವಾಂಬ ಅಂದರೆ ಅರಮನೆಯ ಚೆಲುವಾಜಮ್ಮಣ್ಣಿ. ಅದೇ ಅರಮನೆಯ ಕೆಂಪನಂಜಮ್ಮಣ್ಣಿ, ಗಂಡ ತೀರಿದ ಮೇಲೆ 1902ರ ತನಕ ಮಗನ ಪರವಾಗಿ ರಾಜ್ಯ ನಡೆಸಿದವಳು. ಅವಳ ಬಿರುದು ವಾಣಿವಿಲಾಸ ಸನ್ನಿಧಾನ. ಈ ಸನ್ನಿಧಾನ ಅನ್ನೋ ಮಾತು ನನಗೆ ಯಾವಾಗಲೂ ವಿಚಿತ್ರ ಅನ್ನಿಸುತ್ತದೆ. ಅದರ ಅರ್ಥ ಹತ್ತಿರ ಇರುವುದು, ಅಷ್ಟೇ. ಅವಳನ್ನು ಹೆಸರು ಹಿಡಿದು ಕರೆಯುವ ಧೈರ್ಯ ಇಲ್ಲ, ಅವಳ ಹತ್ತಿರದ ಜಾಗವನ್ನು ಕರೆಯುತ್ತೇವೆ. ದೇವರ ಸನ್ನಿಧಿ ಅಂತೀವಲ್ಲ, ಹಾಗೆ. ಹಿರಿಯೂರಿನ ಹತ್ತಿರ ಮಾರಿಕಣಿವೆ ಅಣೆಕಟ್ಟಿಗೆ ವಾಣಿವಿಲಾಸ ಸಾಗರ ಅಂತ ಹೆಸರಿಟ್ಟದ್ದು ಅವಳದ್ದೇ.

ಸ್ವಂತ ಪ್ರತಾಪದ ಬಿರುದು ಬೇಕಾದರೆ ಹಳೇ ಕಾಲಕ್ಕೆ ಹೋಗಬೇಕು. ಹೊಯ್ಸಳರ ಶಾಂತಲೆಯ ಬಿರುದುಗಳಲ್ಲಿ ನನಗೆ ಇಷ್ಟವಾದದ್ದು 'ಸವತಿಗಂಧವಾರಣೆ'. ಸವತಿಯರ ಪಾಲಿಗೆ ಮದ್ದಾನೆ! ಶ್ರವಣಬೆಳಗೊಳದಲ್ಲಿ ಅವಳು ಕಟ್ಟಿಸಿದ ಬಸದಿಗೂ ಅದೇ ಹೆಸರು. ಗಂಡಸರ ಬಿರುದಿನಲ್ಲಿ ಶತ್ರು ರಾಜರು ಇರುತ್ತಾರೆ, ಇವಳದ್ದರಲ್ಲಿ ಸವತಿಯರು. ಯುದ್ಧಭೂಮಿ ಬೇರೆ, ಆನೆ ಒಂದೇ. ಈ ಬಿರುದನ್ನು ಯಾರಾದರೂ ಮದುವೆ ಕಾರ್ಡಿನಲ್ಲಿ ಹಾಕಿಸಿಕೊಂಡರೆ ಪ್ರಿಂಟಿಂಗ್ ಫ್ರೀ.

ಇನ್ನೂ ಹಿಂದೆ, ರಾಷ್ಟ್ರಕೂಟರ ಕಾಲದಲ್ಲಿ, ಶಿಕಾರಿಪುರದ ಹತ್ತಿರ ಬಂದಳಿಕೆಯ ಕಡೆ ಜಕ್ಕಿಯಬ್ಬೆ ಅಂತ ಒಬ್ಬಳಿದ್ದಳು. ಗಂಡ ನಾಗರಖಂಡ ಎಪ್ಪತ್ತರ ನಾಳ್ಗಾವುಂಡ. ಅವನು ತೀರಿದ ಮೇಲೆ ಅರಸ ಆ ಪದವಿಯನ್ನೇ ಅವಳಿಗೆ ಕೊಟ್ಟ. ಗಾವುಂಡ ಅಂದರೆ ಇವತ್ತಿನ ಗೌಡ. ಗೌಡತಿ ಅಂದರೆ ಗೌಡನ ಹೆಂಡತಿ. ಇವಳು ಹೆಂಡತಿಯಾಗಿ ಕೂರಲಿಲ್ಲ, ಎಪ್ಪತ್ತು ಹಳ್ಳಿಯ ನಾಡನ್ನು ಆಳಿದಳು. ಕೊನೆಗೆ ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ವಹಿಸಿ ಸಲ್ಲೇಖನ ಮಾಡಿದಳು ಅಂತ ಶಾಸನ ಹೇಳುತ್ತದೆ. ಹೆಸರಿನ ಕೊನೆಯ ಅಬ್ಬೆ ಅಂದರೆ ತಾಯಿ. ಅಬ್ಬೆ, ಅಮ್ಮಾಜಿ, ಅಮ್ಮಣ್ಣಿ. ಸಾವಿರ ವರ್ಷದಿಂದ ನಾವು ಯಾವ ಹೆಂಗಸನ್ನು ಎತ್ತರಕ್ಕೆ ಕೂರಿಸಬೇಕಾದರೂ ಮೊದಲು ಅಮ್ಮ ಮಾಡುತ್ತೇವೆ. ಮಡಿಕೇರಿ ದಸರೆಯ ನಾಲ್ಕು ಕರಗದ ದೇವತೆಯರು ಯಾರು? ಕೋಟೆ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ. ತಲಕಾವೇರಿಯವಳು ಕಾವೇರಮ್ಮೆ.

ನಮ್ಮ ಘಟ್ಟದ ಕೆಳಗೆ ಬೇರೆ ಪದ್ಧತಿ ಇತ್ತು. ವಿರಾಜಪೇಟೆಯಿಂದ ಮಾಕುಟ್ಟ ದಾಟಿ ಕಣ್ಣೂರಿಗೆ ಹೋದರೆ ಅರಕ್ಕಲ್ ಮನೆತನ. ಅಲ್ಲಿ ಮನೆಯ ಹಿರಿಯರು ಯಾರೋ ಅವರದ್ದೇ ಪಟ್ಟ. ಗಂಡಾದರೆ ಆಲಿ ರಾಜ, ಹೆಣ್ಣಾದರೆ ಅರಕ್ಕಲ್ ಬೀವಿ. ಬೀವಿ ಯಾರ ಹೆಂಡತಿಯೂ ಆಗಬೇಕಿಲ್ಲ. ವಿರಾಜಪೇಟೆ ಕಡೆಯ ಮುಸ್ಲಿಂ ಮದುವೆ ಕಾರ್ಡುಗಳಲ್ಲಿ ಬೀಬಿ, ಬೇಗಂ, ಉಮ್ಮ ಎಲ್ಲ ಜೋಡಿಸಿದ್ದೇನೆ. ಉಮ್ಮ ಅಂದರೂ ಅಮ್ಮನೇ.

ಈಗಿನದ್ದು ಹೇಳಬೇಕಾದರೆ, ಪಂಚಾಯಿತಿಯವರ ಕೆಲಸ ಬಂದರೆ 'ಅಧ್ಯಕ್ಷೆ' ಅಂತ ಹಾಕಬೇಕೋ 'ಅಧ್ಯಕ್ಷರು' ಅಂತ ಹಾಕಬೇಕೋ ಅಂತ ಪ್ರತಿ ಸಲ ಕೇಳುತ್ತೇನೆ. ಹೆಂಗಸರು ಅಧ್ಯಕ್ಷರು ಅಂತ ಹಾಕಿ ಅನ್ನುತ್ತಾರೆ. ಜೊತೆಗೆ ಬಂದ ಗಂಡಂದಿರು ಅಧ್ಯಕ್ಷೆ ಅನ್ನುತ್ತಾರೆ. ಹೋದ ವರ್ಷ ಒಂದು ಮದುವೆಯಲ್ಲಿ ಹುಡುಗಿ ಸೈನ್ಯದಲ್ಲಿ ಕ್ಯಾಪ್ಟನ್, ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. 'ಚಿ.ಸೌ. ಕ್ಯಾಪ್ಟನ್' ಅಂತ ಜೋಡಿಸಿದೆ. ಸೌಭಾಗ್ಯವತಿ ಕ್ಯಾಪ್ಟನ್! ಹುಡುಗಿಯೇ ಬಂದು ಚಿ.ಸೌ. ಹೊಡೆದು ಹಾಕಿದಳು. ಅಜ್ಜಿ ಮತ್ತೆ ಸೇರಿಸಿದರು. ಕೊನೆಗೆ ಎರಡು ತರದ ಕಾರ್ಡು ಆಯಿತು, ಒಂದು ಸೈನ್ಯಕ್ಕೆ, ಒಂದು ಊರಿಗೆ. ನನಗೆ ಎರಡು ಪ್ಲೇಟಿನ ದುಡ್ಡು.

ಮತ್ತೆ ತೊಂಬತ್ತರ ಕಾರ್ಡು. ಐದನೇ ದಿನ ಬೆಳಿಗ್ಗೆ ಹತ್ತಕ್ಕೆ ಅಂಗಡಿ ಮುಂದೆ ಒಂದು ಹಳೇ ಜೀಪು ನಿಂತಿತು. ಡ್ರೈವರ್ ಕೈ ಹಿಡಿದು ಒಬ್ಬರು ಇಳಿದರು. ಕೊಡವ ಸೀರೆ, ನೆರಿಗೆ ಹಿಂದಕ್ಕೆ. ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಕೂರಲಿಕ್ಕೆ ನಾನು ಸ್ಟೂಲ್ ಒರೆಸುವ ಮೊದಲೇ ಕೂತರು.

"ನನ್ನ ಕಾರ್ಡು ಎಲ್ಲಿ?"

ನಾಲ್ಕು ಪ್ರೂಫನ್ನೂ ಮೇಜಿನ ಮೇಲೆ ಹರಡಿದೆ. ಚೀಲದಿಂದ ಭೂತಗನ್ನಡಿ ತೆಗೆದು ಒಂದೊಂದನ್ನೇ ಓದಿದರು. ಮೊಮ್ಮಗನ ಕುಲಮಾತೆಯನ್ನು ಅವನು ಅಷ್ಟರಲ್ಲಿ ಎಲ್ಲಿಂದಲೋ ಮತ್ತೆ ಹುಡುಕಿ ಕಳಿಸಿದ್ದ. ಅದನ್ನು ನೋಡಿ ಭೂತಗನ್ನಡಿ ಕೆಳಗಿಟ್ಟರು.

"ಇದು ಯಾರು?"

"ನೀವೇ."

"ಸತ್ತ ಮೇಲೆ ಹಾಕ್ಲಿ."

ನನ್ನ ಪೆನ್ಸಿಲ್ ಕೇಳಿ ತೆಗೆದುಕೊಂಡು ಮಾತೃಶ್ರೀ ಹೊಡೆದರು. ಶ್ರೀಮತಿ ಹೊಡೆದರು. ಪೂಜ್ಯ ಹೊಡೆದರು. ಹೆಸರನ್ನು ಬಿಟ್ಟರು. ಮುಂದೆ ಮನೆಪೆದ, ಅಂದರೆ ಕೊಡವರ ಮನೆತನದ ಹೆಸರು, ಅದರ ಕೆಳಗೆ ಆವರಣದಲ್ಲಿ ತಾಮನೆ ಅಂತ ಬರೆದು ತವರಿನ ಮನೆಪೆದ ಸೇರಿಸಿದರು. ಕೊಡವರ ಮರಣದ ಪ್ರಕಟಣೆಗಳ ಹಾಗೆ ಎರಡೂ ಮನೆ. ಅಕ್ಷರ ಸ್ವಲ್ಪ ನಡುಗಿತ್ತು, ತಪ್ಪಿರಲಿಲ್ಲ.

ಕಾಫಿ ತರಿಸಿದೆ. ಸುಮ್ನೆ ಕೇಳಿದೆ, ತೋಟದಲ್ಲಿ ಜನ ನಿಮ್ಮನ್ನು ಏನಂತ ಕರೀತಾರೆ ಅಂತ.

"ಈಗಿನವರು ಅಮ್ಮ ಅಂತಾರೆ. ಅಸ್ಸಾಮಿನಿಂದ ಬಂದ ಹುಡುಗರು ಮೇಡಂ ಅಂತಾರೆ. ಕೂಲಿ ಲೈನಿನಲ್ಲಿ ಇಬ್ಬರು ಮುದುಕಿಯರು ಇದ್ದಾರೆ, ಅವರು ಮಾತ್ರ ದೊರೆಸಾನಿ."

"ಮೊದಲಿಂದಲೂ ಹಾಗೇನಾ?"

ಇಲ್ಲವಂತೆ. ಅವರು ಮದುವೆಯಾಗಿ ಬಂದಾಗ ದೊರೆಸಾನಿ ಅಂದರೆ ಪಕ್ಕದ ತೋಟದ ಬಿಳಿ ಹೆಂಗಸು. ಕುದುರೆ ಮೇಲೆ ಬರುತ್ತಿದ್ದಳು, ಹಾಗಲಕಾಯಿ ಪಲ್ಯ ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದಳು. ಆಗ ಇವರು ಬರೀ ಪುದಿಯ ಅಮ್ಮ, ಅಂದರೆ ಹೊಸ ಅಮ್ಮ. ಕೆಲಸಕ್ಕೆ ಮಲಯಾಳದ ಕಡೆಯವರು ಜಾಸ್ತಿ ಇದ್ದರಂತೆ. ಬಿಳಿಯರು ತೋಟ ಮಾರಿ ಹಡಗು ಹತ್ತಿದರು. ಇವರ ಮಾವ ಬಂಗ್ಲೆ ಸಮೇತ ಕೊಂಡುಕೊಂಡರು. ವಾಸ ಅಲ್ಲಿಗೆ ಬದಲಾಯಿತು.

"ಮರುದಿನದಿಂದ ನಾನು ದೊರೆಸಾನಿ. ಬಂಗ್ಲೆ, ಎರಡು ನಾಯಿ, ಒಂದು ಪಿಯಾನೋ, ಈ ಹೆಸರು. ಎಲ್ಲ ಒಟ್ಟಿಗೆ ಬಂತು. ಪಿಯಾನೋಗೆ ಗೆದ್ದಲು ಹಿಡೀತು."

ಕಾಫಿ ಅರ್ಧ ಕುಡಿದು ಲೋಟ ಇಟ್ಟರು. ಚಿಕೋರಿ ಜಾಸ್ತಿ ಅಂದರು. ನಿಜ, ಹೋಟೆಲಿನದ್ದು.

ಮುನ್ನೂರು ಕಾರ್ಡು, ಕೆನೆ ಬಣ್ಣದ ಕಾಗದ, ಕಪ್ಪು ಅಕ್ಷರ, ಬಂಗಾರ ಬೇಡ. ಅಡ್ವಾನ್ಸ್ ಕೊಡಲಿಕ್ಕೆ ಪರ್ಸ್ ತೆಗೆದರು. ನಾನು ರಶೀದಿ ಪುಸ್ತಕ ಬಿಡಿಸಿದೆ. ನಮ್ಮದೇ ಪ್ರೆಸ್ಸಿನಲ್ಲಿ ಅಪ್ಪನ ಕಾಲದಿಂದ ಒಂದೇ ಮಾದರಿಯಲ್ಲಿ ಹೊಡೆಯುತ್ತಾ ಬಂದ ಪುಸ್ತಕ. ಮೊದಲ ಸಾಲಿನಲ್ಲಿ 'ಶ್ರೀ / ಶ್ರೀಮತಿ', ಮುಂದೆ ಚುಕ್ಕಿ ಚುಕ್ಕಿ. ಬೇಡದ್ದನ್ನು ಹೊಡೆದು ಹಾಕಬೇಕು.

ಪೆನ್ನು ಹಿಡಿದು ಒಂದು ಕ್ಷಣ ನಿಂತೆ. ಅವರು ಭೂತಗನ್ನಡಿಯಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದರು. ಎರಡನ್ನೂ ಹೊಡೆದೆ.

"ಆ," ಅಂದರು. "ಇನ್ನು ದುಡ್ಡು ಎಣಿಸಿಕೊ. ನೂರರ ನೋಟು ಎರಡು ಅಂಟಿಕೊಂಡಿರ್ತದೆ."